ಬಣ್ಣ ಹೊಡೆಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ

ಎರಡು ತಿಂಗಳೊಳಗೆ ಮನೆ ಮಾರಲೇಬೇಕು, ಅಡುಗೆಮನೆಯನ್ನು ಹೊಸದಾಗಿ ಮಾಡಿಸಲೇ ಅಥವಾ ಮನೆಗೆಲ್ಲ ಬಣ್ಣ ಹೊಡೆಸಿದರೆ ಸಾಕೇ ಎಂದು ಕೇಳಿದ್ದೀರಿ. ಸ್ನಾನದಮನೆಯ ಪಕ್ಕದ ಗೋಡೆಯಲ್ಲಿ ಸ್ವಲ್ಪ ತೇವವಿದೆ, ಅದು ಬಣ್ಣದಲ್ಲಿ ಮುಚ್ಚಿಹೋಗುತ್ತದೆ ಎಂದು ನಡುವೆ ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೀರಿ. ನಾನು ಆ ಸಾಲಿನಲ್ಲೇ ನಿಂತುಬಿಟ್ಟೆ. ಆರು ವರ್ಷಗಳ ಹಿಂದೆ ಹೆಂಡತಿಗೆ ನಾನು ಹೇಳಿದ್ದು ಅಕ್ಷರಶಃ ಅದೇ ಮಾತು.

ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಅಲ್ಲಿ ಬಾಡಿಗೆ, ಇಲ್ಲಿ ಸಾಲದ ಕಂತು. ಎರಡನ್ನೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ತೂಗಿಸುವ ಶಕ್ತಿ ನಮಗಿರಲಿಲ್ಲ. ಮಲಗುವ ಕೋಣೆಗೂ ಸ್ನಾನದಮನೆಗೂ ನಡುವೆ ಒಂದೇ ಗೋಡೆ. ಅದರ ಬುಡದಲ್ಲಿ, ಮಂಚ ಸರಿಸಿದರೆ ಮಾತ್ರ ಕಾಣುವ ಹಾಗೆ, ಅಂಗೈಯಗಲದ ಒಂದು ಕಲೆ. ಮುಟ್ಟಿದರೆ ತಣ್ಣಗಿರುತ್ತಿತ್ತು. ಉಗುರಿನಿಂದ ಕೆರೆದರೆ ಬಿಳಿಯ ಪುಡಿ ಉದುರುತ್ತಿತ್ತು. "ಮೊದಲು ಪ್ಲಂಬರ್‌ನನ್ನು ಕರೆಸೋಣ" ಎಂದು ಹೆಂಡತಿ ಎರಡು ಸಲ ಹೇಳಿದಳು. ಟೈಲ್ಸ್ ಒಡೆಸಲು ಹೊರಟರೆ ಮನೆಯೆಲ್ಲ ಧೂಳಾಗುತ್ತದೆ, ನೋಡಲು ಬಂದವರಿಗೆ ಒಡೆದ ಗೋಡೆ ತೋರಿಸಬೇಕಾಗುತ್ತದೆ, ದಿನಗಳು ಹೋಗುತ್ತವೆ ಎಂದುಕೊಂಡು ನಾನು ಪೇಂಟರ್‌ನನ್ನು ಕರೆಸಿದೆ. ಆತ ಕಲೆಯನ್ನು ಕೆರೆದು, ಪುಟ್ಟಿ ತುಂಬಿ, ಪ್ರೈಮರ್ ಹಚ್ಚಿ, ತೊಳೆಯಬಹುದಾದ ಒಳ್ಳೆಯ ಎಮಲ್ಷನ್ ಎರಡು ಕೋಟ್ ಹೊಡೆದ. ಹಾಲ್‌ಗೂ ಅದೇ ಬಣ್ಣ. ನಾಲ್ಕೇ ದಿನದಲ್ಲಿ ಕೆಲಸ ಮುಗಿಯಿತು, ಗೋಡೆ ನುಣ್ಣಗೆ ಹೊಳೆಯಿತು.

ಈ ಒಂದು ತಪ್ಪನ್ನು ನಾನು ಉದ್ದಕ್ಕೆ ವಿವರಿಸಲೇಬೇಕು, ಏಕೆಂದರೆ ತೇವವನ್ನು ಕಲೆ ಎಂದುಕೊಂಡಿದ್ದೇ ಎಲ್ಲಕ್ಕೂ ಮೂಲ. ಇಟ್ಟಿಗೆ ಮತ್ತು ಗಾರೆಯ ಒಳಗೆಲ್ಲ ಕೂದಲೆಳೆಗಿಂತ ಸಣ್ಣ ರಂಧ್ರಗಳಿರುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಅವು ನೀರನ್ನು ಎಳೆದುಕೊಳ್ಳುತ್ತವೆ. ಆ ನೀರು ಬರುವ ದಾರಿಯಲ್ಲಿ ಇಟ್ಟಿಗೆ, ಸಿಮೆಂಟಿನಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಮೇಲ್ಮೈಗೆ ಬಂದಾಗ ನೀರು ಆವಿಯಾಗುತ್ತದೆ, ಲವಣ ಅಲ್ಲೇ ಹರಳುಗಟ್ಟುತ್ತದೆ. ನಾನು ಉಗುರಿನಿಂದ ಕೆರೆದದ್ದು ಅದನ್ನೇ. ಅಂದರೆ ಆ ಗೋಡೆ ತನಗೆ ತಿಳಿದಂತೆ ನೀರನ್ನು ಹೊರಹಾಕುತ್ತಿತ್ತು. ಎರಡು ಕೋಟ್ ಎಮಲ್ಷನ್ ಹೊಡೆಸಿ ನಾನು ಆ ದಾರಿಯನ್ನು ಮುಚ್ಚಿದೆ. ಹಿಂದಿನಿಂದ ನೀರು ಬರುವುದೇನೂ ನಿಂತಿರಲಿಲ್ಲ. ಹೊರಹೋಗಲು ಎಡೆ ಸಿಗದ ನೀರು ಗೋಡೆಯೊಳಗೆ ಇನ್ನೂ ಮೇಲಕ್ಕೆ ಏರಿತು. ಒಂದು ಗೇಣು ಎತ್ತರವಿದ್ದ ತೇವ ಮೊಣಕಾಲಿನವರೆಗೆ ಬಂತು. ಬಣ್ಣದ ಹಿಂದೆ ಹರಳುಗಟ್ಟಿದ ಲವಣ ಬಣ್ಣವನ್ನು ಹೊರಕ್ಕೆ ದೂಡಿತು. ಪುಟ್ಟಿ ನೆನೆದು ಮೆತ್ತಗಾಯಿತು. ಇದೆಲ್ಲ ಆಗಲು ಐದು ವಾರ ಸಾಕಾಯಿತು. ಆ ಐದನೆಯ ವಾರದಲ್ಲೇ, ನಿಜವಾಗಿ ಕೊಳ್ಳುವ ಮನಸ್ಸಿದ್ದವರು ಮನೆ ನೋಡಲು ಬಂದರು.

ಗಂಡ ಹೆಂಡತಿ, ಜೊತೆಗೆ ಆಕೆಯ ತಂದೆ. ಮನೆ ಅವರಿಗೆ ಹಿಡಿಸಿತ್ತು. ಯಾವ ಕೋಣೆ ಯಾರಿಗೆ ಎಂದು ಆಗಲೇ ಮಾತಾಡಿಕೊಳ್ಳುತ್ತಿದ್ದರು. ಆ ಹಿರಿಯರು ಮಾತ್ರ ಸುಮ್ಮನೆ ಬಂದು ಗೋಡೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು. ಬಣ್ಣದ ಮೇಲೆ ಗೋಲಿ ಗಾತ್ರದ ಒಂದು ಗುಳ್ಳೆ ಎದ್ದಿತ್ತು. ಹೆಬ್ಬೆರಳಿನಿಂದ ಅದನ್ನು ಒತ್ತಿದರು. ಬಣ್ಣದ ಪೊರೆ ಬಿರಿದು, ಒಂದು ಹನಿ ನೀರು ಅವರ ಉಗುರಿನ ಅಂಚಿನಲ್ಲಿ ನಿಂತಿತು. ಅದನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಏನೂ ಹೇಳದೆ ಎದ್ದರು. ಮಗಳು ನನ್ನ ಕಡೆ ತಿರುಗಿ, "ಇನ್ನು ಎಲ್ಲೆಲ್ಲಿ ಹೊಸ ಬಣ್ಣ ಹೊಡೆಸಿದ್ದೀರಿ, ಸರ್?" ಎಂದು ಕೇಳಿದರು.

ಹಾಲ್‌ಗೂ ಹೊಡೆಸಿದ್ದೇನೆ, ಅಲ್ಲಿ ಯಾವ ದೋಷವೂ ಇರಲಿಲ್ಲ, ಅಂದಕ್ಕಾಗಿ ಅಷ್ಟೇ ಎಂದೆ. ಅದು ನಿಜವಾಗಿತ್ತು. ಅವರು ನಂಬಲಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಮುಂದಿನ ಅರ್ಧ ಗಂಟೆ ಅವರು ನೋಡಿದ್ದು ಮನೆಯನ್ನಲ್ಲ, ನಾನು ಇನ್ನೇನನ್ನು ಮುಚ್ಚಿಟ್ಟಿರಬಹುದು ಎಂಬುದನ್ನು. ಟೈಲ್ಸ್ ತಟ್ಟಿ ಸದ್ದು ಕೇಳಿದರು. ಸಿಂಕಿನ ಕೆಳಗಿನ ಬಾಗಿಲು ತೆಗೆದು ಕೈಯಾಡಿಸಿದರು. ಗಟ್ಟಿಮುಟ್ಟಾಗಿದ್ದ ತಾರಸಿಯನ್ನೂ ಅನುಮಾನದಿಂದಲೇ ಕಂಡರು. ಮರುದಿನ ದಲ್ಲಾಳಿ ಫೋನ್ ಮಾಡಿ, ಅವರಿಗೆ ಬೇಡವಂತೆ ಎಂದ.

ಆಮೇಲೆ ಪ್ಲಂಬರ್ ಬಂದ. ಮೂರು ಟೈಲ್ಸ್ ತೆಗೆದಾಗ, ನಲ್ಲಿಯ ಹಿಂದೆ ಪೈಪಿನ ಜೋಡಣೆಯಲ್ಲಿ ನೀರು ಜಿನುಗುತ್ತಿರುವುದು ಕಂಡಿತು. ಅದನ್ನು ಸರಿಪಡಿಸಲು ಒಂದೂವರೆ ದಿನ ಹಿಡಿಯಿತು. ಗೋಡೆ ಮಾತ್ರ ಮೊಣಕಾಲೆತ್ತರದವರೆಗೆ ಹಾಳಾಗಿತ್ತು. ಅಷ್ಟೂ ಗಾರೆಯನ್ನು ಕೆತ್ತಿ ತೆಗೆದು, ಇಟ್ಟಿಗೆ ಒಣಗಲು ಬಿಟ್ಟು, ಹೊಸದಾಗಿ ಗಾರೆ ಮಾಡಿಸಬೇಕಾಯಿತು. ಹೊಸ ಗಾರೆಗೆ ಮೊದಲ ವಾರ ನೀರುಣಿಸಬೇಕು. ಸಿಮೆಂಟು ತಕ್ಕ ಬಲ ಪಡೆಯಲು ಲೆಕ್ಕ ಹಿಡಿಯುವುದೇ 28 ದಿನ. ಅದು ಚೆನ್ನಾಗಿ ಒಣಗುವ ಮುಂಚೆ ಬಣ್ಣ ಹೊಡೆಸಿದರೆ ಮತ್ತೆ ಅದೇ ಗುಳ್ಳೆ. ಮೊದಲ ದಿನವೇ ಹೆಂಡತಿಯ ಮಾತು ಕೇಳಿದ್ದರೆ ಅಂಗೈಯಗಲ ಕೆತ್ತಿದ್ದರೆ ಸಾಕಿತ್ತು, ನಮ್ಮ ಮೂರು ತಿಂಗಳ ಗಡುವಿನೊಳಗೇ ಎಲ್ಲ ಮುಗಿಯುತ್ತಿತ್ತು. ಹತ್ತು ತಿಂಗಳು ಎರಡು ಕಡೆ ಹಣ ಕಟ್ಟಿದೆವು. ಎರಡು ಸಲ ಬೆಲೆ ಇಳಿಸಿದೆವು. ಇಳಿಸಿದಾಗಲೆಲ್ಲ, ಈ ಮನೆಯಲ್ಲಿ ಏನೋ ಇದೆ ಎಂದು ಜನ ಇನ್ನಷ್ಟು ಹಿಂಜರಿದರು. ನಾನು ಹೇಳಿರಲಿಲ್ಲವೇ ಎಂದು ಹೆಂಡತಿ ಒಂದು ದಿನವೂ ಅನ್ನಲಿಲ್ಲ. ಅದು ನನ್ನನ್ನು ಈಗಲೂ ನೋಯಿಸುತ್ತದೆ.

ಕೊನೆಗೆ ಮನೆ ಮಾರಿಹೋದಾಗ ಆ ಗೋಡೆಗೆ ಬಣ್ಣವೇ ಇರಲಿಲ್ಲ. ಬೂದು ಗಾರೆಯನ್ನು ಹಾಗೆಯೇ ಬಿಟ್ಟಿದ್ದೆ. ಒಡೆದಾಗ ಮೊಬೈಲ್‌ನಲ್ಲಿ ತೆಗೆದ ಚಿತ್ರಗಳು ಮತ್ತು ಪ್ಲಂಬರ್‌ನ ಬಿಲ್ಲು ಒಂದು ಕಡತದಲ್ಲಿದ್ದವು. ಬಂದವರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಮನೆ ಕೊಂಡವರು ಗೋಡೆ ಮುಟ್ಟಿ ನೋಡಿದರು, ಬಿಲ್ಲಿನ ತಾರೀಖು ಓದಿದರು, ಆಮೇಲೆ ಕಿಟಕಿಯಿಂದ ಗಾಳಿ ಹೇಗೆ ಬರುತ್ತದೆ ಎಂದು ಕೇಳಿದರು.

ಹಾಗಾಗಿ ಅಡುಗೆಮನೆಯೋ ಬಣ್ಣವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಆ ನೀರು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಿರಿ. ರಾತ್ರಿ ಮಲಗುವ ಮುನ್ನ ಎಲ್ಲ ನಲ್ಲಿಗಳನ್ನು ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ನೋಡಿ. ಮೇಲೆ ತೊಟ್ಟಿ ಇರುವ ಮನೆಯಾದರೆ ತೊಟ್ಟಿಗೆ ನೀರು ಬರುವ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಅಂಕಿ ಅಥವಾ ಮಟ್ಟ ಬದಲಾಗಿದ್ದರೆ ಎಲ್ಲೋ ಸೋರಿಕೆ ಇದೆ. ಶೌಚಾಲಯದ ಫ್ಲಶ್ ತೊಟ್ಟಿಯೂ ಸದ್ದಿಲ್ಲದೆ ಸೋರಬಹುದು; ಅದರಲ್ಲಿ ಅಡುಗೆಗೆ ಬಳಸುವ ಬಣ್ಣ ಸ್ವಲ್ಪ ಬೆರೆಸಿ, ಫ್ಲಶ್ ಮಾಡದೆ ಬಿಟ್ಟರೆ ಕೆಳಗಿನ ನೀರಿಗೆ ಬಣ್ಣ ಇಳಿಯುತ್ತದೆಯೇ ಎಂದು ತಿಳಿಯುತ್ತದೆ. ಮೀಟರ್ ಅಲುಗಾಡದೆಯೂ ಗೋಡೆ ಒದ್ದೆಯಿದ್ದರೆ ಬಚ್ಚಲ ಕೊಳವೆಯನ್ನೋ ಟೈಲ್ಸ್ ಸಂದುಗಳನ್ನೋ ಅನುಮಾನಿಸಬೇಕು. ನಾಲ್ಕೈದು ದಿನ ಅಲ್ಲಿ ಸ್ನಾನ ನಿಲ್ಲಿಸಿ, ಕಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅದು ಕುಗ್ಗುತ್ತದೆಯೇ ನೋಡಿ. ಗಾಳಿಯಲ್ಲಿರುವ ತೇವವೇ ತಣ್ಣನೆಯ ಗೋಡೆಯ ಮೇಲೆ ಕೂರುವುದೂ ಉಂಟು. ಒರೆಸಿ ಒಣಗಿಸಿದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಡಿ. ಹನಿಗಳು ಹಾಳೆಯ ಹಿಂದೆ ಕಂಡರೆ ನೀರು ಗೋಡೆಯೊಳಗಿನದು. ಕೋಣೆಯ ಕಡೆಯ ಮೈಮೇಲೆ ಕಂಡರೆ ಗಾಳಿಯದು, ಕಿಟಕಿ ತೆರೆದಿಟ್ಟರೆ ಬಹುಪಾಲು ಸರಿಹೋಗುತ್ತದೆ.

ಅಡುಗೆಮನೆಯನ್ನು ಮುಟ್ಟಬೇಡಿ. ಅವಸರದಲ್ಲಿ ನಿಮ್ಮ ರುಚಿಗೆ ತಕ್ಕಂತೆ ಮಾಡಿಸಿದ್ದನ್ನು ಕೊಳ್ಳುವವರು ಕಿತ್ತುಹಾಕಬಹುದು, ಖರ್ಚು ನಿಮ್ಮದು. ತೊಟ್ಟಿಕ್ಕುವ ನಲ್ಲಿ, ಜೋತುಬಿದ್ದ ಕಪಾಟಿನ ಬಾಗಿಲು, ಕೆಲಸ ಮಾಡದ ಸ್ವಿಚ್ಚು, ಉರಿಯದ ಬಲ್ಬು ಇವನ್ನೆಲ್ಲ ಸರಿಮಾಡಿಸಿ. ಸಾಮಾನಿನಲ್ಲಿ ಮೂರನೆಯ ಒಂದು ಭಾಗವನ್ನು ಮನೆಯಿಂದ ಹೊರಗೆ ಸಾಗಿಸಿ, ಕಿಟಕಿಯ ಗಾಜುಗಳನ್ನು ಎರಡೂ ಕಡೆಯಿಂದ ತೊಳೆಯಿರಿ. ಕೋಣೆ ದೊಡ್ಡದಾಗಿ ಕಾಣಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಸಿಕ್ಕಿಲ್ಲ.

ಸುಗಂಧದ ಸ್ಪ್ರೇ ಮಾತ್ರ ಬೇಡವೇ ಬೇಡ. ಅದೂ ಬಣ್ಣದ ಕೆಲಸವನ್ನೇ ಮಾಡುತ್ತದೆ, ಏನನ್ನು ಮುಚ್ಚುತ್ತಿದ್ದಾರೆ ಎಂಬ ಪ್ರಶ್ನೆ ಎಬ್ಬಿಸುತ್ತದೆ. ನಮ್ಮ ಮನೆಯ ವಾಸನೆ ನಮ್ಮ ಮೂಗಿಗೆ ಒಗ್ಗಿಹೋಗಿರುತ್ತದೆ, ಆದ್ದರಿಂದ ಎಂದೂ ನಿಮ್ಮ ಮನೆಗೆ ಬಾರದವರೊಬ್ಬರನ್ನು ಕರೆದು ಕೇಳಿ. ಕಾಗದಪತ್ರಗಳನ್ನೂ ಈಗಲೇ ಹೊರತೆಗೆಯಿರಿ: ಮಾಲೀಕತ್ವದ ಪತ್ರ, ತೆರಿಗೆಯ ರಸೀದಿ, ಸಾಲವಿದ್ದರೆ ಬಾಕಿ ಎಷ್ಟು ಎಂಬ ಬ್ಯಾಂಕಿನ ಪತ್ರ. ಮನೆಯಲ್ಲಿ ಪಾಲಿರುವವರೆಲ್ಲರ ಸಹಿ ಸಿಗುತ್ತದೆಯೇ ಎಂದು ಇಂದೇ ವಿಚಾರಿಸಿಕೊಳ್ಳಿ.

ಎರಡು ತಿಂಗಳಲ್ಲಿ ಗೋಡೆ ಒಣಗದಿದ್ದರೆ ಒಣಗದ ಗೋಡೆಯನ್ನೇ ತೋರಿಸಿ, ಪಕ್ಕದಲ್ಲಿ ಬಿಲ್ಲು ಇಟ್ಟು. ಪೇಂಟರ್‌ಗೆ ಮುಂಗಡ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ, ಆ ಗೋಡೆಯೊಂದನ್ನು ಬಿಡಲು ಹೇಳಿ.