‘ಸಾಕಾಯಿತು’ ಅನ್ನದ ತಂಗಿಯ ಬಗ್ಗೆ

*ಮಾನ್ಯ ಸಂಪಾದಕರೇ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರ ದಣಿವಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೋವಾಯಿತು. ಹೆತ್ತವರ ಸೇವೆಯನ್ನು ‘ಹೊರೆ’ ಎಂದು ಕರೆಯುವುದು ಸರಿಯೇ? ನಮ್ಮ ತಾಯಿ ಏಳು ವರ್ಷ ಮರೆವಿನ ಕಾಯಿಲೆಯಲ್ಲಿದ್ದು ಹೋದ ವರ್ಷ ತೀರಿಕೊಂಡರು. ನನ್ನ ತಂಗಿ ಕೆಲಸ ಬಿಟ್ಟು ಅವರ ಜೊತೆಗಿದ್ದಳು. ಒಂದು ದಿನವೂ ‘ಸಾಕಾಯಿತು’ ಎಂದವಳಲ್ಲ. ಪ್ರೀತಿ ಇದ್ದ ಕಡೆ ದಣಿವು ಎಲ್ಲಿಂದ ಬರುತ್ತದೆ? ಮೊನ್ನೆ ಮನೆ ಮಾರುವ ವಿಚಾರಕ್ಕೆ ಅಣ್ಣತಮ್ಮಂದಿರೆಲ್ಲ ಸೇರಿದಾಗ ನಿಮ್ಮ ಲೇಖನದ ಮಾತು ಬಂತು. ಎಲ್ಲರಿಗೂ ಹೀಗೇ ಅನ್ನಿಸಿದೆ. ಇಂಥ ಬರಹ ಮುಂದಿನವರಿಗೆ ಗೊಣಗುವುದನ್ನು ಕಲಿಸುತ್ತದೆ, ಅಷ್ಟೆ.*
— ಹೆಸರು ಬೇಡ ಎಂದಿರುವ ಓದುಗರು

ಪ್ರಿಯರೇ,

ನಿಮ್ಮ ತಾಯಿಯವರು ಹೋದದ್ದಕ್ಕೆ ಮೊದಲು ನನ್ನ ಸಂತಾಪ. ಕಣ್ಣೆದುರಿಗಿರುವ ತಾಯಿ ಮಕ್ಕಳ ಹೆಸರು ಒಂದೊಂದಾಗಿ ಮರೆಯುವುದನ್ನು ನೋಡುವುದು ಸಣ್ಣ ನೋವಲ್ಲ. ತಂಗಿಯ ಬಗ್ಗೆ ನಿಮಗಿರುವ ಹೆಮ್ಮೆಯೂ ಪತ್ರದಲ್ಲಿ ಕಾಣುತ್ತದೆ.

ನೀವು ಹೇಳಿದ್ದರಲ್ಲಿ ನಿಜವಿದೆ. ನೋಡಿಕೊಂಡವರೆಲ್ಲ ಬಳಲಿ ಬೆಂಡಾಗುವುದಿಲ್ಲ. 2013ರಲ್ಲಿ ಅಮೆರಿಕದಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಮನೆಯವರನ್ನು ನೋಡಿಕೊಳ್ಳುತ್ತಿದ್ದವರ ಸಾವಿನ ಪ್ರಮಾಣ ಅವರಂಥದ್ದೇ ಪರಿಸ್ಥಿತಿಯ ಬೇರೆಯವರಿಗಿಂತ ಶೇಕಡಾ 18ರಷ್ಟು ಕಡಿಮೆ ಇತ್ತು. ಈ ಕೆಲಸ ಮಾಡಿದವರಲ್ಲಿ ಎಷ್ಟೋ ಜನ, ಅಪ್ಪ ಅಮ್ಮನ ಜೊತೆ ಅಷ್ಟು ಹತ್ತಿರವಾಗಿ ಬದುಕಿದ್ದು ಅದೇ ದಿನಗಳಲ್ಲಿ ಎನ್ನುತ್ತಾರೆ. ಒಪ್ಪುತ್ತೇನೆ.

ಆದರೆ ನಿಮ್ಮ ಒಂದು ವಾಕ್ಯವನ್ನು ದಾಟಿ ಮುಂದೆ ಹೋಗಲು ನನಗೆ ಆಗಲಿಲ್ಲ. ‘ಒಂದು ದಿನವೂ ಸಾಕಾಯಿತು ಎಂದವಳಲ್ಲ.’ ಅವರು ಹೇಳಲಿಲ್ಲ, ಸರಿ. ನೀವು ಕೇಳಿದ್ದಿರಾ?

ಬೇಸರ ಮಾಡಿಕೊಳ್ಳಬೇಡಿ. ಇದೇ ಪ್ರಶ್ನೆ ನನ್ನ ಮೇಲೂ ಇದೆ. ನಮ್ಮ ತಂದೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ನೋಡಿಕೊಂಡವಳು ಅಕ್ಕ. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅಪ್ಪ ಒಗೆದ ಬಟ್ಟೆ ತೊಟ್ಟು ದಿಂಬಿಗೆ ಒರಗಿ ಕೂತಿರುತ್ತಿದ್ದರು. ಅಕ್ಕ ನಗುನಗುತ್ತಾ ಮಾತಾಡುತ್ತಿದ್ದಳು. ‘ನಿನ್ನಂಥ ಮಗಳನ್ನು ಪಡೆಯೋಕೆ ಅಪ್ಪ ಪುಣ್ಯ ಮಾಡಿರಬೇಕು’ ಎಂದು ಹೇಳಿ ನಾನು ಹಗುರವಾಗಿ ವಾಪಸ್ ಬರುತ್ತಿದ್ದೆ. ಮೂರನೇ ವರ್ಷ ಅಕ್ಕನಿಗೇ ಒಂದು ಆಪರೇಷನ್ ಆಗಬೇಕಾಯಿತು. ಹನ್ನೊಂದು ದಿನ ನಾನು ಅಲ್ಲಿ ಉಳಿದೆ.

ಮೊದಲ ಬೆಳಿಗ್ಗೆ ಅಪ್ಪನಿಗೆ ಅಂಗಿ ತೊಡಿಸಲು ನನಗೆ ಬರಲಿಲ್ಲ. ಸರಿಯಿದ್ದ ಬಲಗೈಗೆ ಮೊದಲು ತೋಳು ಏರಿಸಿಬಿಟ್ಟೆ. ಆಮೇಲೆ ಸ್ವಾಧೀನವಿಲ್ಲದ ಕೈಯನ್ನು ಮಡಚಲೂ ಆಗದೆ, ಚಾಚಲೂ ಆಗದೆ ಎಳೆದೆ. ಅಪ್ಪ ನೋವಿಗೆ ಅತ್ತುಬಿಟ್ಟರು. ಬಿದ್ದ ಕೈಗೆ ಮೊದಲು ತೊಡಿಸಬೇಕು, ಬಿಚ್ಚುವಾಗ ಒಳ್ಳೆಯ ಕೈಯಿಂದ ಶುರು ಮಾಡಬೇಕು. ಎಬ್ಬಿಸುವಾಗ ಆ ತೋಳನ್ನು ಹಿಡಿದು ಎಳೆಯಲೇಬಾರದು, ಭುಜ ಜಾರುತ್ತದೆ. ನೀರು ಕುಡಿಸುವಾಗ ನೆಟ್ಟಗೆ ಕೂರಿಸಿರಬೇಕು, ಇಲ್ಲದಿದ್ದರೆ ನೀರು ಶ್ವಾಸಕ್ಕೆ ಹೋಗುತ್ತದೆ. ಇದನ್ನೆಲ್ಲ ಅಕ್ಕ ಆಸ್ಪತ್ರೆಯ ಹಾಸಿಗೆಯಿಂದ ಫೋನಿನಲ್ಲಿ ಹೇಳಿಕೊಟ್ಟಳು. ಅವಳಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ತಪ್ಪು ಮಾಡಿ, ಅಪ್ಪನ ನರಳಾಟ ಕೇಳಿ, ತಾನೇ ಕಂಡುಕೊಂಡಿದ್ದಳು.

ರಾತ್ರಿ ಎರಡು ಗಂಟೆಗೊಮ್ಮೆ ಅಲಾರಂ. ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು. ನಾಲ್ಕನೇ ರಾತ್ರಿ ಹೊತ್ತಿಗೆ ನನಗೆ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಐದನೇ ದಿನ ಸುಮ್ನೆ ಕೂತಿದ್ದ ಅಪ್ಪನ ಮೇಲೆ ಕೂಗಾಡಿದೆ. ಅವರು ಮಾಡಿದ ತಪ್ಪು ಇಷ್ಟೇ, ಹಾಸಿದ ಹತ್ತು ನಿಮಿಷಕ್ಕೆ ಬಟ್ಟೆ ಒದ್ದೆ ಮಾಡಿಕೊಂಡಿದ್ದರು. ಅಪ್ಪನನ್ನು ನಾನು ಪ್ರೀತಿಸುತ್ತಿರಲಿಲ್ಲವೇ? ಪ್ರೀತಿ ಇದ್ದಲ್ಲಿ ದಣಿವು ಎಲ್ಲಿಂದ ಎಂದು ಕೇಳಿದ್ದೀರಿ. ನಿದ್ದೆ ಇಲ್ಲದ ಕಣ್ಣಿನಿಂದ ಬರುತ್ತದೆ. ಮೇಲೆತ್ತಿ ಮೇಲೆತ್ತಿ ಸವೆದ ಸೊಂಟದಿಂದ ಬರುತ್ತದೆ.

ಅಕ್ಕ ಮನೆಗೆ ಬಂದ ಮೇಲೆ ಕೇಳಿದೆ, ಇಷ್ಟು ಕಷ್ಟ ಅಂತ ಯಾಕೆ ಒಂದು ಸಲವೂ ಹೇಳಲಿಲ್ಲ ಎಂದು. ‘ಹೇಳಿದ್ದರೆ ನೀನು ತಿಂಗಳಿಗೊಮ್ಮೆ ಬರೋದನ್ನೂ ನಿಲ್ಲಿಸುತ್ತಿದ್ದೆ’ ಎಂದಳು. ಜಗಳದ ದನಿಯೇ ಇರಲಿಲ್ಲ. ಅವಳು ಲೆಕ್ಕ ಹಾಕಿ ನಕ್ಕಿದ್ದಳು. ಬಂದವರ ಮುಂದೆ ಗೊಣಗಿದರೆ ಬರುವವರು ಕಡಿಮೆಯಾಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ನಿಮ್ಮನ್ನು ಚುಚ್ಚಿದ ಆ ‘ಹೊರೆ’ ಎಂಬ ಪದಕ್ಕೆ ಈಗ ಬರುತ್ತೇನೆ. ಅದು ನಮ್ಮ ಲೇಖಕರು ಹೊಸದಾಗಿ ತಂದದ್ದಲ್ಲ. ಸ್ಟೀವನ್ ಝ್ಯಾರಿಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇಬ್ಬರು ಸಂಗಡಿಗರ ಜೊತೆ 1980ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 29 ಜನರನ್ನು ಮಾತಾಡಿಸಿ, ಅವರ ಹೊರೆಯನ್ನು ಪ್ರಶ್ನೆಗಳ ಮೂಲಕ ಅಳೆದರು. ಆ ಪ್ರಶ್ನೆಗಳ ಪಟ್ಟಿ ಆಮೇಲೆ 22ಕ್ಕೆ ಇಳಿದು, ಇಂದಿಗೂ ಬಳಕೆಯಲ್ಲಿದೆ. ರೋಗಿ ಎಷ್ಟು ಹಟ ಮಾಡುತ್ತಾರೆ, ಎಷ್ಟು ಮರೆಯುತ್ತಾರೆ, ಅದಕ್ಕೆ ತಕ್ಕಂತೆ ಹೊರೆ ಜಾಸ್ತಿಯಾಗುತ್ತದೆ ಅಂತ ಯಾರೇ ಆದರೂ ಅಂದುಕೊಳ್ಳುತ್ತಾರೆ ಅಲ್ವಾ? ಅವರಿಗೆ ಹಾಗೆ ಕಾಣಲಿಲ್ಲ. ಕಾಯಿಲೆಯಿಂದಾಗುವ ತೊಂದರೆಗಳಿಗೂ ಹೊರೆಗೂ ನಂಟು ಸಿಗಲಿಲ್ಲ. ನಂಟು ಸಿಕ್ಕಿದ್ದು ಇನ್ನೊಂದಕ್ಕೆ: ಮನೆಯ ಬೇರೆಯವರು ಎಷ್ಟು ಸಲ ಬಂದು ಹೋಗುತ್ತಾರೆ ಎಂಬುದಕ್ಕೆ. ಬರುವವರು ಹೆಚ್ಚಿದ್ದಲ್ಲಿ ಹೊರೆ ಕಡಿಮೆ ಇತ್ತು.

ಹಾಗಾಗಿ ಹೊರೆ ಎಂದರೆ ನಿಮ್ಮ ತಾಯಿ ಅಲ್ಲ. ಯಾರ ತಾಯಿಯೂ ಅಲ್ಲ. ಹೆತ್ತವರನ್ನು ಹೊರೆ ಎಂದರು ಎಂದು ನೀವು ನೊಂದುಕೊಂಡಿದ್ದೀರಿ. ಆ ಪದ ನಿಜವಾಗಿ ಬೆರಳು ತೋರಿಸುವುದು ಬರದೇ ಇದ್ದ ನಮ್ಮಂಥವರ ಕಡೆಗೆ.

ಸುಮ್ಮನಿದ್ದವರು ಚೆನ್ನಾಗಿದ್ದಾರೆ ಎಂದುಕೊಳ್ಳುವುದೂ ಸುಲಭ. 1995ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರನ್ನೂ, ಅವರದೇ ವಯಸ್ಸಿನ ಬೇರೆ 13 ಹೆಂಗಸರನ್ನೂ ಆರಿಸಿಕೊಂಡರು. ಎಲ್ಲರ ಚರ್ಮದ ಮೇಲೂ 3.5 ಮಿಲಿಮೀಟರಿನ ಒಂದೇ ಅಳತೆಯ ಗಾಯ ಮಾಡಿ, ಅದು ಮಾಯುವುದನ್ನು ಕಾದರು. ಬೇರೆಯವರಿಗೆ ಸುಮಾರು 39 ದಿನ ಹಿಡಿಯಿತು. ನೋಡಿಕೊಳ್ಳುತ್ತಿದ್ದವರಿಗೆ ಸುಮಾರು 49 ದಿನ. ಇವರಲ್ಲಿ ಎಷ್ಟು ಜನ ಬಂದವರ ಮುಂದೆ ನಕ್ಕು ಮಾತಾಡುತ್ತಿದ್ದರೋ.

ಕಳೆದ ಸಂಚಿಕೆಯ ಆ ಲೇಖನಕ್ಕೆ ಬಂದ ಪತ್ರಗಳಲ್ಲಿ ನಿಮ್ಮದೊಂದೇ ಸಿಟ್ಟಿನದು. ಮಿಕ್ಕವು ಬೇರೆ ಥರದವು. ಒಬ್ಬ ಹೆಣ್ಣುಮಗಳು, ತಾನು ಅಳಬೇಕಾದರೆ ಬಚ್ಚಲ ನಲ್ಲಿ ಬಿಟ್ಟು ಅಳುತ್ತೇನೆ, ಒಳಗೆ ಮಲಗಿರುವವರಿಗೆ ಕೇಳಿಸಬಾರದು ಎಂದು ಬರೆದಿದ್ದಾರೆ. ಹೆಂಡತಿಯನ್ನು ನೋಡಿಕೊಳ್ಳುತ್ತಿರುವ ಹಿರಿಯರೊಬ್ಬರು ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ, ‘ಇವಳು ಬೇಗ ಹೋಗಲಿ ಅಂತ ಒಂದು ರಾತ್ರಿ ಅನ್ನಿಸಿತು, ಆ ಪಾಪ ಎಲ್ಲಿ ಕಳೆಯಲಿ’ ಎಂದು ಕೇಳಿದ್ದಾರೆ. ಅವರಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಸ್ವಾಮಿ, ಅದು ಪಾಪ ಅಲ್ಲ. ಈ ಕೆಲಸ ಮಾಡಿದ ಎಷ್ಟೋ ಜನರಿಗೆ ಯಾವುದೋ ಒಂದು ರಾತ್ರಿ ಹಾಗೆ ಅನ್ನಿಸಿರುತ್ತದೆ. ಬೆಳಿಗ್ಗೆ ಎದ್ದು ಅವರಿಗೆ ಮುಖ ತೊಳೆಸಿದಿರಿ ಅಲ್ವಾ? ನಿಮ್ಮ ಹೆಂಡತಿ ಇದ್ದೂ ಇಲ್ಲದಂತಾಗಿದ್ದಾರೆ. ಅವರು ಬದುಕಿರುವಾಗಲೇ ನೀವು ಅವರಿಗಾಗಿ ಅಳುತ್ತಿದ್ದೀರಿ. ಇಂಥ ದುಃಖದ ಬಗ್ಗೆ ಪಾಲಿನ್ ಬಾಸ್ ಎಂಬುವರು 1970ರ ದಶಕದಿಂದ ಕೆಲಸ ಮಾಡಿ ಅದಕ್ಕೊಂದು ಹೆಸರನ್ನೇ ಕೊಟ್ಟಿದ್ದಾರೆ. ಸತ್ತವರಿಗಾದರೆ ನಾಲ್ಕು ಜನ ಬಂದು ಸಮಾಧಾನ ಹೇಳುತ್ತಾರೆ. ಈ ದುಃಖಕ್ಕೆ ಯಾರೂ ಬರುವುದಿಲ್ಲ.

ಬಂದವರೂ ಏನು ಹೇಳುತ್ತಾರೆ? ‘ಏನಾದರೂ ಬೇಕಿದ್ದರೆ ಹೇಳು.’ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಏನು ಬೇಕು ಎಂದು ಯೋಚಿಸುವುದು, ಯಾರಿಗೆ ಯಾವಾಗ ಬಿಡುವಿದೆ ನೋಡುವುದು, ಬಾಯಿಬಿಟ್ಟು ಬೇಡುವುದು, ಇಷ್ಟೂ ಕೆಲಸ ಮತ್ತೆ ಅವರ ತಲೆಗೇ. ಅದರ ಬದಲು ‘ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ನಾನು ಇರುತ್ತೇನೆ, ನೀನು ಎಲ್ಲಿಗಾದರೂ ಹೋಗು’ ಎನ್ನಿ. ಬರುವ ಮುಂಚೆ ಔಷಧಿಯ ಹೊತ್ತು, ಮಗ್ಗುಲು ಬದಲಿಸುವ ರೀತಿ ಕಲಿತುಕೊಂಡು ಬನ್ನಿ. ದೂರದಲ್ಲಿದ್ದೀರಾ? ರಾತ್ರಿ ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿ, ಆ ಸಂಬಳ ನೀವು ಕೊಡಿ. ಸಂಬಳದವರನ್ನು ಇಟ್ಟರೆ ಪ್ರೀತಿ ಕಡಿಮೆ ಎಂದು ಆಡಿಕೊಳ್ಳುವವರಿಗೆ ಕಿವಿ ಕೊಡಬೇಡಿ. ಆರು ಗಂಟೆ ನಿದ್ದೆ ಮಾಡಿದ ಮಗಳು ಬೆಳಿಗ್ಗೆ ಸಿಡುಕುವುದಿಲ್ಲ.

ಇದು ನನ್ನೊಬ್ಬನ ಮಾತಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಮಿಟೆಲ್‌ಮನ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆ ಬಂದ ಗಂಡ ಅಥವಾ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದ 406 ಜನರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. ಅರ್ಧದಷ್ಟು ಜನರಿಗೆ ವಿಶೇಷ ನೆರವು ಸಿಕ್ಕಿತು. ಎರಡು ಸಲ ಅವರೊಬ್ಬರ ಜೊತೆ ಮಾತುಕತೆ, ನಾಲ್ಕು ಸಲ ಮನೆಯ ಬೇರೆಯವರನ್ನೂ ಕೂರಿಸಿಕೊಂಡು ಮಾತುಕತೆ. ಆಮೇಲೆ ಬೇಕೆಂದಾಗ ಫೋನು, ಇಂಥದ್ದೇ ಸ್ಥಿತಿಯವರ ಒಂದು ಗುಂಪು. 2006ರಲ್ಲಿ ಬಂದ ವರದಿಯ ಪ್ರಕಾರ, ಈ ನೆರವು ಸಿಕ್ಕವರು ರೋಗಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸಬೇಕಾದ ದಿನ ಸುಮಾರು 557 ದಿನ ಮುಂದೆ ಹೋಯಿತು. ಒಂದೂವರೆ ವರ್ಷ ಜಾಸ್ತಿ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ದಣಿವಿನ ಬಗ್ಗೆ ಬಾಯಿಬಿಟ್ಟು ಮಾತಾಡಿದವರು ನೀವು ಹೆದರಿದಂತೆ ಕೈಬಿಟ್ಟು ಹೋಗಲಿಲ್ಲ.

ಆಸ್ಪತ್ರೆಗಳ ಮೇಲೂ ನನಗೆ ಬೇಜಾರಿದೆ. ಡಿಸ್ಚಾರ್ಜ್ ದಿನ ಒಂದು ಫೈಲು, ಮಾತ್ರೆಯ ಚೀಟಿ, ಮುಂದಿನ ಭೇಟಿಯ ತಾರೀಖು ಕೈಗಿಡುತ್ತಾರೆ. ಕ್ಯಾಥೆಟರ್ ಚೀಲ, ಅಂದರೆ ಕೊಳವೆಯಿಂದ ಮೂತ್ರ ತುಂಬುವ ಚೀಲ, ಯಾವ ಎತ್ತರದಲ್ಲಿ ನೇತು ಹಾಕಬೇಕು, ಹಾಸಿಗೆಯಿಂದ ಕುರ್ಚಿಗೆ ಹೇಗೆ ಕೂರಿಸಬೇಕು, ಮಾಡಿ ತೋರಿಸುವವರು ಕಡಿಮೆ. ದಾದಿಯರು ವರ್ಷಗಟ್ಟಲೆ ಓದಿ ಕಲಿಯುವ ಕೆಲಸವನ್ನು ಮನೆಯವರು ಒಂದು ಮಧ್ಯಾಹ್ನದಲ್ಲಿ ಕಲಿತುಬಿಡಬೇಕು. ಅದರಲ್ಲೂ ಹೆಂಗಸಾದರೆ, ಅದೆಲ್ಲ ಹುಟ್ಟುತ್ತಲೇ ಬಂದಿರುತ್ತದೆ ಎಂಬ ನಂಬಿಕೆ ಬೇರೆ.

ಈ ನಂಬಿಕೆಯನ್ನು ಕಾನೂನಿನಲ್ಲೇ ಬರೆದಿಟ್ಟ ದೇಶವೂ ಇದೆ. ಬ್ರಿಟನ್ನಿನಲ್ಲಿ ಮೇರಿ ವೆಬ್‌ಸ್ಟರ್ ಎಂಬುವರು ಚರ್ಚಿನ ಕೆಲಸ ಬಿಟ್ಟು ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಂಡರು. 1963ರಲ್ಲಿ ಅವರು ತಮ್ಮಂಥ ಒಂಟಿ ಹೆಂಗಸರ ಪಾಡಿನ ಬಗ್ಗೆ ಪತ್ರಿಕೆಗಳಿಗೆ ಬರೆದರು. ನಿಮ್ಮ ಹಾಗೆಯೇ ಸಂಪಾದಕರಿಗೆ ಒಂದು ಪತ್ರ. ಅದಕ್ಕೆ ಅಂಥದ್ದೇ ಹೆಂಗಸರಿಂದ ಪತ್ರಗಳ ಮೇಲೆ ಪತ್ರ ಬಂದವು. 1965ರಲ್ಲಿ ಒಂದು ಸಂಘವೇ ಹುಟ್ಟಿತು. 1976ರಲ್ಲಿ, ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಸರ್ಕಾರ ಭತ್ಯೆ ಶುರು ಮಾಡಿತು. ಆದರೆ ಮದುವೆಯಾದ ಹೆಂಗಸರಿಗೆ ಅದು ಇಲ್ಲ. ಯಾಕೆಂದರೆ ಅವರು ಹೇಗೂ ಮನೆಯಲ್ಲೇ ಇರುತ್ತಾರಲ್ಲ! ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಎಂಬ ಮದುವೆಯಾದ ಹೆಂಗಸು ಯುರೋಪಿನ ನ್ಯಾಯಾಲಯದವರೆಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಆ ನಿಯಮ ಹೋಯಿತು. ಹತ್ತು ವರ್ಷ ಬೇಕಾಯಿತು.

ಮೇರಿ ವೆಬ್‌ಸ್ಟರ್ ಎತ್ತಿದ ಇನ್ನೊಂದು ಮಾತಿದೆ. ಅದಕ್ಕಾಗಿಯೇ ಇಷ್ಟು ದೂರ ಬಂದೆ. ಹೆತ್ತವರು ಹೋದ ಮೇಲೆ ಇಂಥ ಹೆಣ್ಣುಮಕ್ಕಳ ಗತಿ ಏನು? ಕೆಲಸ ಬಿಟ್ಟು ವರ್ಷಗಳಾಗಿವೆ. ಉಳಿತಾಯ ಕರಗಿದೆ. ಪಿಂಚಣಿಗೆ ಬೇಕಾದ ವರ್ಷಗಳು ತುಂಬಿಲ್ಲ. ಎಷ್ಟೋ ಸಲ ತಲೆಯ ಮೇಲಿನ ಸೂರೂ ಅವರದಲ್ಲ.

ನಿಮ್ಮ ಪತ್ರದಲ್ಲಿ ಮನೆ ಮಾರುವ ವಿಚಾರ ಅರ್ಧ ಸಾಲಿನಲ್ಲಿ ಬಂದು ಹೋಗಿದೆ. ತಂಗಿ ಏಳು ವರ್ಷ ತಾಯಿಯನ್ನು ನೋಡಿಕೊಂಡ ಮನೆ ಅದೇ ಇರಬೇಕು. ಅಣ್ಣತಮ್ಮಂದಿರೆಲ್ಲ ಸೇರಿದ್ದೆವು, ಎಲ್ಲರಿಗೂ ಹೀಗೇ ಅನ್ನಿಸಿತು ಎಂದು ಬರೆದಿದ್ದೀರಿ. ಆ ಎಲ್ಲರಲ್ಲಿ ನಿಮ್ಮ ತಂಗಿ ಇದ್ದರೇ? ಇದ್ದರೆ, ಅವರು ಏನೆಂದರು? ಮನೆ ಮಾರಿದ ಮೇಲೆ ಅವರು ಎಲ್ಲಿರುತ್ತಾರೆ, ಆ ಏಳು ವರ್ಷದ ಸಂಬಳವನ್ನು ಪಾಲು ಮಾಡುವಾಗ ಯಾರಾದರೂ ಲೆಕ್ಕಕ್ಕೆ ಹಿಡಿದಿದ್ದೀರಾ? ನೀವು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ತಂಗಿಯನ್ನು ಹೊಗಳಲು ಕೂತು ಪತ್ರ ಬರೆದ ಅಣ್ಣ ಕೆಟ್ಟವರಾಗಿರಲು ಸಾಧ್ಯವಿಲ್ಲ. ಆದ್ದರಿಂದಲೇ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ಕ್ರಯಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಸಲ ಅವರ ಬಳಿ ಹೋಗಿ. ಅಣ್ಣತಮ್ಮಂದಿರು ಬೇಡ, ನೀವೊಬ್ಬರೇ ಹೋಗಿ. ಅಮ್ಮನ ಕೊನೆಯ ವರ್ಷದ ರಾತ್ರಿಗಳು ಹೇಗಿದ್ದವು ಎಂದು ಕೇಳಿ. ‘ಏನಿಲ್ಲ ಬಿಡಣ್ಣ’ ಎನ್ನಬಹುದು. ಆಗ ಎದ್ದು ಬರಬೇಡಿ. ಇನ್ನೊಂದಷ್ಟು ಹೊತ್ತು ಅಲ್ಲೇ ಕೂತಿರಿ.

— ಸಂಪಾದಕ