ಕಾಲಾ ಅಜಾರ್ ರಕ್ತಪರೀಕ್ಷೆಗೆ ಬೇಕಾದ ಪ್ರೋಟೀನ್ ಹುಡುಕುವುದು ಹೇಗೆ?

ನೀವು ಕೇಳಿದ್ದು ಎರಡು ವಿಷಯ. ಕಾಲಾ ಅಜಾರ್ ತರುವ ಲೀಶ್ಮೇನಿಯಾ ಪರಾವಲಂಬಿಯ ಸಾವಿರಾರು ಪ್ರೋಟೀನ್‌ಗಳಲ್ಲಿ ರಕ್ತಪರೀಕ್ಷೆಗೆ ಆಗುವ ಒಂದನ್ನು ಹೇಗೆ ಪತ್ತೆ ಹಚ್ಚುತ್ತಾರೆ? ಒಂದು ಸಿಕ್ಕಿ ಇಷ್ಟು ವರ್ಷವಾದರೂ ಇನ್ನೂ ಯಾಕೆ ಹುಡುಕುತ್ತಿದ್ದಾರೆ? ನಾನು ಡಾಕ್ಟರ್ ಅಲ್ಲ. ಎರಡು ವರ್ಷ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಇದೇ ಕೆಲಸ ಮಾಡಿದ್ದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮೊದಲು ರೋಗದ ಬಗ್ಗೆ ಎರಡು ಮಾತು. ಬಿಹಾರ, ಜಾರ್ಖಂಡ್ ಕಡೆ ಮರಳುನೊಣ ಕಚ್ಚಿ ಹರಡುವ ಜ್ವರ ಇದು. ಪರಾವಲಂಬಿ ಹೋಗಿ ಅಡಗುವುದು ಗುಲ್ಮ, ಮೂಳೆಮಜ್ಜೆ, ಯಕೃತ್ತಿನ ಜೀವಕೋಶಗಳ ಒಳಗೆ. ಹಾಗಾಗಿ ಮಲೇರಿಯಾದ ಹಾಗೆ ಒಂದು ಹನಿ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಗುಲ್ಮಕ್ಕೇ ಸೂಜಿ ಚುಚ್ಚಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಊದಿಕೊಂಡ ಗುಲ್ಮದಿಂದ ಒಳಗೇ ರಕ್ತ ಸೋರುವ ಅಪಾಯ ಇದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಮಾಡುವ ಕೆಲಸ ಅಲ್ಲ ಅದು. ಅದಕ್ಕೇ ಕಳ್ಳನ ಬದಲು ಪೊಲೀಸರನ್ನು ಹುಡುಕುತ್ತಾರೆ, ಅಂದರೆ ಪರಾವಲಂಬಿಯ ವಿರುದ್ಧ ದೇಹ ತಯಾರಿಸಿದ ಆಂಟಿಬಾಡಿಗಳನ್ನು. ಆ ಆಂಟಿಬಾಡಿ ಬಂದು ಅಂಟಿಕೊಳ್ಳಲು ಒಂದು ಪ್ರೋಟೀನ್ ಬೇಕು.

ನಾವು ಮಾಡುತ್ತಿದ್ದದ್ದು ಹೀಗೆ. ಪರಾವಲಂಬಿಯನ್ನು ಫ್ಲಾಸ್ಕಿನಲ್ಲಿ ಬೆಳೆಸಿ, ಒಡೆದು, ಅದರ ಪ್ರೋಟೀನ್‌ಗಳನ್ನು ಜೆಲ್ ಮೇಲೆ ಒಂದು ದಿಕ್ಕಿಗೆ ವಿದ್ಯುದಂಶದ ಪ್ರಕಾರ, ಇನ್ನೊಂದು ದಿಕ್ಕಿಗೆ ತೂಕದ ಪ್ರಕಾರ ಬೇರೆ ಮಾಡುತ್ತೇವೆ. ರಂಗೋಲಿ ಚುಕ್ಕಿ ಇಟ್ಟ ಹಾಗೆ ನೂರಾರು ಚುಕ್ಕಿ ಮೂಡುತ್ತವೆ. ಅವನ್ನು ತೆಳುವಾದ ಹಾಳೆಗೆ ಇಳಿಸಿ, ಅದರ ಮೇಲೆ ರೋಗಿಯ ಸೀರಮ್ (ಆಂಟಿಬಾಡಿ ಇರುವ ರಕ್ತದ ತಿಳಿ) ಹಾಕಿದರೆ ಆಂಟಿಬಾಡಿ ಯಾವ ಚುಕ್ಕಿಗೆ ಅಂಟಿತು ಅಂತ ಗೊತ್ತಾಗುತ್ತದೆ. ಇನ್ನೊಂದು ಜೆಲ್‌ನಿಂದ ಅದೇ ಚುಕ್ಕಿಯನ್ನು ಕತ್ತರಿಸಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರೆ ಅದರ ತುಣುಕುಗಳ ತೂಕ ಬರುತ್ತದೆ. ಅದನ್ನು ಜೀನೋಮ್ ಪಟ್ಟಿಯ, ಅಂದರೆ ಪರಾವಲಂಬಿಯ ಎಲ್ಲ ಜೀನ್‌ಗಳ ಪಟ್ಟಿಯ ಜೊತೆ ಹೋಲಿಸಿದರೆ ಹೆಸರು ಸಿಗುತ್ತದೆ. 2005ರಲ್ಲಿ ಲೀಶ್ಮೇನಿಯಾ ಮೇಜರ್ ಅನ್ನುವ ಹತ್ತಿರದ ಜಾತಿಯ ಜೀನೋಮ್ ಪ್ರಕಟವಾಯಿತು. ಅದರಲ್ಲಿ 8,000ಕ್ಕೂ ಹೆಚ್ಚು ಜೀನ್‌ಗಳಿವೆ. ಆಮೇಲೆ ಈ ಕೆಲಸ ಎಷ್ಟೋ ಸುಲಭವಾಯಿತು.

ನನಗೆ ಮೊದಲ ಸಲ ಕಪ್ಪಗೆ, ದಪ್ಪಗೆ ಒಂದು ಚುಕ್ಕಿ ಸಿಕ್ಕಾಗ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಫಲಿತಾಂಶ ಬಂತು: ಎಚ್‌ಎಸ್‌ಪಿ70. ನಮ್ಮ ಮೇಡಂ ನಕ್ಕು, 'ಮಲೇರಿಯಾ ರೋಗಿಯ ಸೀರಮ್ ಹಾಕಿ ನೋಡಿದೆಯೇನೋ?' ಅಂದರು. ನಾನು ಹಾಕಿರಲಿಲ್ಲ. ಹಾಕಿದ ಮೇಲೆ ಅದೇ ಚುಕ್ಕಿ ಅಲ್ಲೂ ಬಂತು, ಸ್ವಲ್ಪ ಮಸುಕಾಗಿ. ಈ ಪ್ರೋಟೀನ್ ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಟ್ಯೂಬುಲಿನ್, ಇನೋಲೇಸ್ ಕೂಡ ಇಂಥವೇ. ಜೀವಕೋಶದಲ್ಲಿ ಜಾಸ್ತಿ ಇರುವುದರಿಂದ ಇವೇ ಮೊದಲು ಕಣ್ಣಿಗೆ ಬೀಳುತ್ತವೆ. ರೋಗಿಯ ರಕ್ತ ಗುರುತಿಸುವ ಪ್ರೋಟೀನ್ ಸಿಗುವುದು ಕಷ್ಟವೇ ಅಲ್ಲ ಸಾರ್. ಮಲೇರಿಯಾ, ಕ್ಷಯ, ಕುಷ್ಠ ಇರುವವರ ರಕ್ತ, ಅದೇ ಊರಿನ ಆರೋಗ್ಯವಂತರ ರಕ್ತ, ಇವೆಲ್ಲ ಗುರುತಿಸದೆ ಬಿಡಬೇಕು. ಒದ್ದಾಟ ಇರುವುದೇ ಅಲ್ಲಿ. ನನ್ನ ಎರಡು ವರ್ಷದಲ್ಲಿ ಮುಕ್ಕಾಲು ಭಾಗ ಹೋದದ್ದು ಈ 'ಬೇರೆಯವರ' ಸೀರಮ್‌ಗಳ ಜೊತೆಗೇ.

ಇನ್ನೊಂದು ಕಿರಿಕಿರಿ. ಆರಿಸಿದ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸುತ್ತೇವೆ. ನಮ್ಮೆಲ್ಲರ ಕರುಳಲ್ಲೂ ಇ. ಕೋಲಿ ಇದೆ, ಅದರ ವಿರುದ್ಧ ಆಂಟಿಬಾಡಿಯೂ ಇರುತ್ತದೆ. ಶುದ್ಧೀಕರಣ ಸ್ವಲ್ಪ ಕೆಟ್ಟರೂ ಎಲ್ಲರ ರಕ್ತವೂ ಪಾಸಿಟಿವ್!

ಈಗ ಗೆದ್ದ ಪ್ರೋಟೀನ್ ವಿಷಯ. ಇವತ್ತು ಬೆರಳು ಚುಚ್ಚಿ ಮಾಡುವ ಸ್ಟ್ರಿಪ್ ಟೆಸ್ಟಿನಲ್ಲಿರುವುದು ಆರ್‌ಕೆ39. ಇದು 1993ರಲ್ಲಿ ವರದಿಯಾದದ್ದು, ಅಂದರೆ ಜೀನೋಮ್ ಪಟ್ಟಿ ಬರುವ ಮೊದಲೇ. ಪರಾವಲಂಬಿಯ ಡಿಎನ್‌ಎ ಚೂರುಗಳನ್ನು ಬ್ಯಾಕ್ಟೀರಿಯಾದಲ್ಲಿ ಸೇರಿಸಿ, ಯಾವ ಚೂರಿನಿಂದ ಬಂದ ಪ್ರೋಟೀನನ್ನು ರೋಗಿಯ ಸೀರಮ್ ಹಿಡಿಯುತ್ತದೆ ಅಂತ ನೋಡಿ ಹೆಕ್ಕಿದ್ದು. ಕೈನೆಸಿನ್ ಅನ್ನುವ ಪ್ರೋಟೀನಿನ ಸಂಬಂಧಿ ಅದು. ಅದರಲ್ಲಿ 39 ಅಮೈನೋ ಆಮ್ಲಗಳ ಒಂದೇ ತುಂಡು ಮತ್ತೆ ಮತ್ತೆ ಬರುತ್ತದೆ. ಹೆಸರಿನ 39 ಅದೇ. ಒಂದೇ ಗುರುತು ಸಾಲಾಗಿ ಇದ್ದರೆ ಆಂಟಿಬಾಡಿಗೆ ಎರಡೂ ಕೈಯಿಂದ ಹಿಡಿದುಕೊಳ್ಳಲು ಅನುಕೂಲ, ದೇಹವೂ ಅದರ ವಿರುದ್ಧ ಧಾರಾಳವಾಗಿ ಆಂಟಿಬಾಡಿ ಮಾಡುತ್ತದೆ. ಆಮೇಲೆ ಎಷ್ಟೋ ಜನ ಸುಮ್ನೆ ಎಲ್ಲ ಪ್ರೋಟೀನ್ ಜಾಲಾಡುವ ಬದಲು ಇಂಥ ಪುನರಾವರ್ತನೆ ಇರುವ ಜೀನ್‌ಗಳನ್ನೇ ಕಂಪ್ಯೂಟರಿನಲ್ಲಿ ಹುಡುಕಿದರು. ಜಾಣತನದ ದಾರಿ ಅನ್ನಿಸುತ್ತದೆ ನನಗೆ.

ಹಾಗಾದರೆ ಇನ್ನೇನು ಬೇಕು? ಭಾರತ, ನೇಪಾಳ, ಬಾಂಗ್ಲಾದೇಶದಲ್ಲಿ ಈ ಟೆಸ್ಟ್ 100 ರೋಗಿಗಳಲ್ಲಿ ಸುಮಾರು 97 ಜನರನ್ನು ಹಿಡಿಯುತ್ತದೆ. ಪೂರ್ವ ಆಫ್ರಿಕಾದಲ್ಲಿ ಸುಮಾರು 85 ಮಾತ್ರ. ಎರಡೂ ಕಡೆ ಲೀಶ್ಮೇನಿಯಾ ಡೊನೊವಾನಿ ಅನ್ನುವ ಒಂದೇ ಜಾತಿಯ ಪರಾವಲಂಬಿ ಇದೆ ಅನ್ನುವುದು ತಮಾಷೆ. ಸುಡಾನಿನ ರೋಗಿಗಳಲ್ಲಿ ಆಂಟಿಬಾಡಿ ಪ್ರಮಾಣವೇ ಕಡಿಮೆ ಇರುತ್ತದೆ, ಅಲ್ಲಿನ ತಳಿಗಳಲ್ಲಿ ಆ 39ರ ತುಂಡೂ ಸ್ವಲ್ಪ ಬೇರೆ. ಅದಕ್ಕೇ ಕೈನೆಸಿನ್ ತುಂಡಿಗೆ ಇನ್ನೊಂದು ಪ್ರೋಟೀನಿನ ತುಂಡು ಜೋಡಿಸಿ ಆರ್‌ಕೆ28 ಮಾಡಿದರು. ಎಚ್‌ಐವಿ ಇರುವವರಲ್ಲಂತೂ ಆಂಟಿಬಾಡಿಯೇ ಸರಿಯಾಗಿ ತಯಾರಾಗದೆ ಟೆಸ್ಟ್ ಕೈಕೊಡಬಹುದು.

ದೊಡ್ಡ ತೊಂದರೆ ಬೇರೆಯೇ ಇದೆ. ರೋಗ ವಾಸಿಯಾದ ಮೇಲೂ ಆಂಟಿಬಾಡಿ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಮತ್ತೆ ಜ್ವರ ಬಂದರೆ ಅದು ಮರುಕಳಿಸಿದ ಕಾಲಾ ಅಜಾರೋ, ಮಾಮೂಲಿ ಜ್ವರವೋ, ಈ ಸ್ಟ್ರಿಪ್ ಹೇಳುವುದಿಲ್ಲ. ರೋಗ ಹರಡಿದ ಊರಿನಲ್ಲಿ ಕೆಲವು ಆರೋಗ್ಯವಂತರೂ ಪಾಸಿಟಿವ್ ಬರುತ್ತಾರೆ. ಅದಕ್ಕೇ ಎರಡು ವಾರಕ್ಕಿಂತ ಹೆಚ್ಚು ಜ್ವರ, ಜೊತೆಗೆ ಊದಿದ ಗುಲ್ಮ ಇದ್ದವರಲ್ಲಿ ಮಾತ್ರ ಈ ಟೆಸ್ಟನ್ನು ನಂಬುತ್ತಾರೆ. ಈಗ ಹುಡುಕುತ್ತಿರುವುದು ವಾಸಿಯಾದ ಕೂಡಲೇ ಆಂಟಿಬಾಡಿ ಇಳಿದುಹೋಗುವಂಥ ಗುರುತನ್ನು. ಕೆಲವರು ಪ್ರೋಟೀನ್ ಬದಲಿಸದೆ, ಐಜಿಜಿ1 ಅನ್ನುವ ಒಂದೇ ಬಗೆಯ ಆಂಟಿಬಾಡಿಯನ್ನು ಅಳೆದು ನೋಡಿದ್ದಾರೆ. ಚಿಕಿತ್ಸೆಯ ನಂತರ ಅದು ಬೇಗ ಇಳಿಯುತ್ತದೆ, ರೋಗ ಮರುಕಳಿಸಿದವರಲ್ಲಿ ಮೇಲೇ ಇರುತ್ತದೆ. ನಾನು ಲ್ಯಾಬ್ ಬಿಡುವಾಗ ನನ್ನ ಚುಕ್ಕಿಗಳಲ್ಲಿ ಎರಡು ಮಾತ್ರ ಪಟ್ಟಿಯಲ್ಲಿ ಉಳಿದಿದ್ದವು. ಎರಡೂ ಕ್ಷಯ ರೋಗಿಗಳ ಸೀರಮ್ ಮುಂದೆ ಬಿದ್ದುಹೋದವು ಅಂತ ಆಮೇಲೆ ಗೊತ್ತಾಯಿತು.