ವಾಸ್ಕೋದ ಸಂಜೆ ಕ್ಲಾಸು: ರಟ್ಟೆ, ಪಾದ, ಟೊಂಕ

ಗೋವಾದಲ್ಲಿ ಹಿಂದಿ ಇದ್ರೆ ಸಾಕಲ್ವಾ, ಮನೆಗೆಲಸಕ್ಕೆ ಹೋಗೋ ಹೆಂಗಸರಿಗೆ ಹೆಡ್, ನೋಸ್, ಇಯರ್ ಅಂತ ಮೈಯ ಭಾಗಗಳ ಇಂಗ್ಲಿಷ್ ಹೆಸರು ಯಾಕೆ ಕಲಿಸ್ತೀರಿ ಅಂತ ಕೇಳಿದ್ದೀರಿ. ಬೆಂಗಳೂರಲ್ಲಿ ಕೂತು ನೋಡಿದರೆ ಹಾಗೇ ಅನಿಸುತ್ತದೆ ಬಿಡಿ.

ನಾನು ಕಾರವಾರದವಳು. ಮಾಜಾಳಿ ದಾಟಿದರೆ ಗೋವಾ, ಕೊಂಕಣಿ ನಮಗೆ ಹುಟ್ಟಿನಿಂದಲೇ ಕಿವಿಗೆ ಬಿದ್ದದ್ದು. ಆದರೆ ಗೋವಾದ ವಾಸ್ಕೋ, ಝುವಾರಿನಗರದ ಬಾಡಿಗೆ ರೂಮುಗಳಲ್ಲಿ ಇರೋ ಕನ್ನಡದವರು ಜಾಸ್ತಿ ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದ ಕಡೆಯವರು. ಮಾರ್ಕೆಟ್ಟಿಗೆ, ಡಾಕ್ಟರ ಹತ್ತಿರ ಮಾತಾಡೋಕೆ ಬೇಕಾದ ಹಿಂದಿ, ಕೊಂಕಣಿ ಅವರು ತಾವೇ ಕಲಿತುಬಿಟ್ಟಿರುತ್ತಾರೆ. ಇಂಗ್ಲಿಷ್ ಬೇಕಾಗೋದು ಕೆಲಸದ ಮನೆಯಲ್ಲಿ.

ಯಾಕೆ ಅಂದ್ರೆ, 1961ರ ಡಿಸೆಂಬರ್ 19ಕ್ಕೆ, ಅಂದ್ರೆ ಪೋರ್ಚುಗೀಸರ ಆಳ್ವಿಕೆ ಮುಗಿಯೋಕೆ ಮುಂಚೆ ಇಲ್ಲಿ ಹುಟ್ಟಿದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಮಾಡಿಸಿಕೊಳ್ಳೋ ದಾರಿ ಇದೆ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಇದ್ದಾಗ ಅದನ್ನು ಹಿಡಿದು ಎಷ್ಟೋ ಮಂದಿ ಇಂಗ್ಲೆಂಡ್ ಸೇರಿದರು. ಇಲ್ಲಿ ಉಳಿದದ್ದು ದೊಡ್ಡ ಮನೆ, ಒಳಗೆ ವಯಸ್ಸಾದ ಅಜ್ಜಿ, ನೋಡಿಕೊಳ್ಳೋಕೆ ನಮ್ಮ ಗದಗಿನ ಹೆಂಗಸು. ಅಜ್ಜಿಯ ಜೊತೆ ಕೊಂಕಣಿ ನಡೆಯುತ್ತದೆ. ರಾತ್ರಿ ಮೊಮ್ಮಗಳು ವಿಡಿಯೋ ಕಾಲ್ ಮಾಡಿ, ಬಾವು ಬಂದಿರೋದು ಎಲ್ಲಿ ಅಂತ ಕೇಳುತ್ತಾಳೆ. ಅಲ್ಲೇ ಬೆಳೆದ ಹುಡುಗಿ, ಅವಳಿಗೆ ಕೊಂಕಣಿ ಅಷ್ಟಕ್ಕಷ್ಟೇ.

ಕಣ್ಣು, ಮೂಗು, ಕಿವಿ ಒಂದೇ ಸಂಜೆಗೆ ಮುಗಿಯುತ್ತವೆ. ತಕರಾರು ಶುರುವಾಗೋದು ಕೈಯಿಂದ.

"ಹ್ಯಾಂಡ್ ಅಂದ್ರೂ ಕೈ, ಆರ್ಮ್ ಅಂದ್ರೂ ಕೈ. ಹಂಗಾದ್ರ ಎರಡ ಹೆಸರ ಯಾಕ್ರೀ ಅಕ್ಕಾರ?"

ಬಿಪಿ ನೋಡೋವಾಗ ಪಟ್ಟಿ ಎಲ್ಲಿ ಸುತ್ತುತ್ತಾರೆ? ರಟ್ಟೆಗೆ. ಅದು ಆರ್ಮಿನ ಭಾಗ. ಮಣಿಕಟ್ಟಿನಿಂದ ಕೆಳಗೆ ಹ್ಯಾಂಡ್. ಕಾಲಿನ ಕತೆಯೂ ಅಷ್ಟೇ. ಪಾದ ಬಾತಿದೆಯೋ ಮೀನಖಂಡ ಬಾತಿದೆಯೋ ಅನ್ನೋದು ಡಾಕ್ಟರಿಗೆ ಬೇಕು. ಸುಮ್ನೆ ಲೆಗ್ ಅಂದರೆ ಆಗಲ್ಲ. ಕಾಲ್ಬೆರಳಿಗೆ ಬೇರೆ ಹೆಸರು ಅಂದಾಗಂತೂ ಎಲ್ಲರೂ ನಕ್ಕರು, ಇಂಗ್ಲಿಷಿನವರಿಗೆ ಬೇರೆ ಕೆಲಸ ಇಲ್ಲ ಅಂತ.

ಟೊಂಕ ಇನ್ನೂ ಫಜೀತಿ. ಇಂಗ್ಲಿಷಿನಲ್ಲಿ ಅದು ವೇಸ್ಟ್, ಆದರೆ ವೇಸ್ಟ್ ಪೇನ್ ಅಂದರೆ ಅಲ್ಲಿಯವರಿಗೆ ತಕ್ಷಣ ತಲೆಗೆ ಹೋಗಲ್ಲ. ಲೋವರ್ ಬ್ಯಾಕ್ ಅನ್ನಬೇಕು. ಎದೆ ಉರಿಗೆ ಹಾರ್ಟ್‌ಬರ್ನ್ ಅಂತಾರೆ, ಅದು ಹೊಟ್ಟೆಯ ಆಮ್ಲ ಮೇಲೆ ಬಂದು ಆಗೋ ಉರಿ. ಅದನ್ನು ನಾನು ಬೇಕಂತಲೇ ಕಲಿಸಲ್ಲ. ಹಾರ್ಟ್ ಅಟ್ಯಾಕ್ ಕೂಡ ಒಮ್ಮೊಮ್ಮೆ ಉರಿಯ ಹಾಗೇ ಇರುತ್ತದೆ. ಎದೆಯಲ್ಲಿ ಏನೇ ಆದರೂ ಚೆಸ್ಟ್ ಪೇನ್ ಅನ್ನಿ, ತಡಮಾಡದೆ ಅನ್ನಿ, ಯಾವುದು ಅಂತ ಡಾಕ್ಟರು ನೋಡಿಕೊಳ್ಳಲಿ.

ನೋಟ್‌ಬುಕ್ ತೆಗೆಸಲ್ಲ. ಕೆಲವರಿಗೆ ಕನ್ನಡ ಅಕ್ಷರವೇ ಬರಲ್ಲ, ಅವರು ಅಲ್ಲೇ ಮುದುಡಿ ಕೂತುಬಿಡುತ್ತಾರೆ. ಜೇಮ್ಸ್ ಆಶರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲೇ ಹೇಳಿದ್ದ ದಾರಿ ನಮ್ಮದು: ಮೊದಲು ಕೇಳಿ, ಮೈ ಆಡಿಸಿ ತೋರಿಸಿ, ಬಾಯಿ ಆಮೇಲೆ ತೆರೆದರಾಯಿತು. ಟಚ್ ಯುವರ್ ನೀ ಅಂದರೆ ಮೊಣಕಾಲು ಮುಟ್ಟಬೇಕು. ಎರಡನೇ ವಾರಕ್ಕೆ ನಾಟಕ. ಒಬ್ಬಳು ಚಾಪೆ ಮೇಲೆ ಮಲಗಿ ಅಜ್ಜಿಯಾಗುತ್ತಾಳೆ. ಇನ್ನೊಬ್ಬಳು ಬಾಚಣಿಗೆಯನ್ನೇ ಫೋನ್ ಮಾಡಿಕೊಂಡು ಲಂಡನ್ನಿನ ಮೊಮ್ಮಗಳು. ಮೂರನೆಯವಳು ಅವಳಿಗೆ ಉತ್ತರ ಕೊಡಬೇಕು.

"ಲೆಫ್ಟ್ ಫುಟ್ ಸ್ವೋಲನ್ ಮೇಡಂ. ನೀ ಓಕೆ."

ಈಸ್, ಆರ್ ತಪ್ಪಿದರೆ ನಾನು ತಿದ್ದೋಕೆ ಹೋಗಲ್ಲ. ಎಡ ಬಲ ತಪ್ಪಿದರೆ ಮಾತ್ರ ಬಿಡಲ್ಲ. ಎದುರು ಮಲಗಿದವರ ಎಡಗಾಲು ನಮ್ಮ ಬಲಕ್ಕೆ ಕಾಣುತ್ತದೆ ನೋಡಿ, ಎಂಥವರೂ ಅಲ್ಲಿ ಎಡವುತ್ತಾರೆ.

ಬಣ್ಣದ ಚಾರ್ಟು ಕಳಿಸ್ತೀನಿ ಅಂದಿದ್ದೀರಿ. ಅಂಥದ್ದು ಇಲ್ಲಿ ಆಗಲೇ ಇದೆ, ಚಡ್ಡಿ ಹಾಕಿದ ಹುಡುಗ ಎದುರಿಗೆ ನಿಂತು ನಗುತ್ತಿರೋದು. ಅವನಿಗೆ ಬೆನ್ನೂ ಇಲ್ಲ, ಟೊಂಕವೂ ಇಲ್ಲ, ಹಿಮ್ಮಡಿಯೂ ಇಲ್ಲ. ದಿನವಿಡೀ ಬಗ್ಗಿ ನೆಲ ಒರೆಸಿ ಬಂದವರಿಗೆ ನೋವೆಲ್ಲ ಇರೋದು ಹಿಂದೆ. ಹಿಂದಿನಿಂದ ಬರೆದ ಚಿತ್ರ ಎಲ್ಲಾದರೂ ಸಿಕ್ಕರೆ, ಅದೊಂದು ಕಳಿಸಿ.